ತನಗೆ ತಾನೇ ಕಚಗುಳಿ

ಡಾಕ್ಟರು ನನ್ನ ತಮ್ಮನಿಗೆ ಒಂದು ಹತ್ತಿಯ ತುಂಡು ಕೊಟ್ಟು, ಅಂಗೈಯನ್ನು ತಾನೇ ಸವರಿಕೊಳ್ಳಲು ಹೇಳಿದರು. ಅವನು ಕಿಸಕ್ಕನೆ ನಕ್ಕು ಕೈ ಎಳೆದುಕೊಂಡ.

"ನಮಗೆ ನಾವೇ ಕಚಗುಳಿ ಇಟ್ಕೊಂಡ್ರೆ ನಗು ಬರಲ್ಲ" ಎಂದು ಅವರು ನನ್ನತ್ತ ತಿರುಗಿದರು. "ಕೈ ಆಡೋ ಮೊದಲೇ ಮಿದುಳು, ಇದು ನಾನೇ ಮಾಡ್ತಿರೋದು ಅಂತ ತನಗೆ ತಾನೇ ಸುದ್ದಿ ಕೊಟ್ಕೊಂಡಿರುತ್ತೆ. ಸ್ಕಿಜೋಫ್ರೇನಿಯಾ ಇರೋ ಕೆಲವರಲ್ಲಿ ಆ ಸುದ್ದಿ ಸರಿಯಾಗಿ ತಲುಪಲ್ಲ. ತಮ್ಮ ಕೈಯೇ ಮಾಡಿದ್ದನ್ನ ಬೇರೆ ಯಾರೋ ಮಾಡಿದ ಹಾಗೆ ಅನ್ಸುತ್ತೆ."

ತಮ್ಮನ ನಗು ನಿಂತಿತು.

ಹನ್ನೊಂದು ವರ್ಷದ ಹಿಂದೆ, ಎಣ್ಣೆಸ್ನಾನದ ದಿನ, ಅಜ್ಜಿ ತಲೆಗೆ ಸೀಗೆಪುಡಿ ಹಚ್ಚಿಕೊಂಡು ಬಚ್ಚಲಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ನಾವಿಬ್ಬರೂ ಅವಳ ಹಿಂದೆ ನಿಂತಿದ್ದೆವು. ಹಂಡೆಯಿಂದ ಮೊಗೆದ ಒಂದು ತಂಬಿಗೆ ಕುದಿನೀರು, ತಣ್ಣೀರು ಬೆರೆಸದೆ, ಅವಳ ಬೆನ್ನಿಗೆ ಬಿತ್ತು. ಆ ಗಾಯ ಮಾಯುವ ಮೊದಲೇ ಅವಳು ಹೋದಳು. "ನಾನು ಹುಯ್ಯಲಿಲ್ಲ" ಎಂದು ತಮ್ಮ ಅಂದಿನಿಂದ ಹೇಳುತ್ತಲೇ ಇದ್ದ. ಆಗಲೇ ತಲೆ ಕೆಟ್ಟವನೆನ್ನಿಸಿಕೊಂಡಿದ್ದ ಅವನ ಮಾತನ್ನು ಮನೆಯಲ್ಲಿ ಯಾರೂ ನಂಬಲಿಲ್ಲ. ನನ್ನ ಮಾತನ್ನು ನಂಬಿದರು.

ಡಾಕ್ಟರ ಕೋಣೆಯಿಂದ ಹೊರಬಂದು ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತ.

"ಅಕ್ಕ, ಹಾಗಾದ್ರೆ ಅವತ್ತು ಹುಯ್ದಿದ್ದು ನಾನೇ. ನನಗೇ ಗೊತ್ತಾಗಿಲ್ಲ ನೋಡು."

ನಾನು ಪಕ್ಕದಲ್ಲಿ ಕೂತೆ.

"ಇಷ್ಟು ವರ್ಷ ನಿನ್ನ ಮೇಲೆ ಅನುಮಾನ ಪಟ್ಟೆ. ನೀನು ಹುಯ್ದಿದ್ದನ್ನ ಕಣ್ಣಾರೆ ಕಂಡ ಹಾಗೇ ಇತ್ತು ನನಗೆ. ತಪ್ಪಾಯ್ತು ಅಕ್ಕ."

ಅಂದು ತಂಬಿಗೆ ಬಗ್ಗಿಸಿದ್ದ ಕೈಯಿಂದಲೇ ಅವನ ಬೆನ್ನು ಸವರುತ್ತ, "ಹೋಗ್ಲಿ ಬಿಡು" ಎಂದೆ.