‘ಬಿಡು’ ಅನ್ನಬಾರದಿದ್ದ ಮಧ್ಯಾಹ್ನ

ಕಂಬಕ್ಕೆ ಸುತ್ತಿದ ಹಗ್ಗ ಕಿರ್ರೆನ್ನುತ್ತಿತ್ತು. ಇವತ್ತು ನೆರೂಳಿನ ನಮ್ಮ ಬಿಲ್ಡಿಂಗಿನ ಲಿಫ್ಟಿಗೆ ಮೆಕ್ಯಾನಿಕ್ ಗ್ರೀಸ್ ಹಚ್ಚುವಾಗ ಆ ವಾಸನೆಗೆ ಅದೇ ಸದ್ದು ಕಿವಿಗೆ ಮರಳಿತು.

ನಾನು ಚಿಕ್ಕವಳಿದ್ದಾಗ, ಡೊಂಬಿವಲಿಯ ನಮ್ಮ ವರ್ಕ್‌ಶಾಪಿಗೆಂದು ಅಪ್ಪ ಕೊಂಡ, ಗ್ರೀಸ್ ಮೆತ್ತಿದ ಸೆಕೆಂಡ್ ಹ್ಯಾಂಡ್ ಲೇತ್ ಮಷೀನು ಬೇಸ್‌ಮೆಂಟಿನ ಮೆಟ್ಟಿಲಿಳಿಯುತ್ತಿತ್ತು. ಹಮಾಲರು ಮೇಲಿನಿಂದ ಹಗ್ಗ ಹಿಡಿದಿದ್ದರು. ಕೆಳಗೆ ಮಷೀನಿಗೆ ಭುಜ ಕೊಟ್ಟವರು ಅವರ ಮುಖಂಡ, ರಾಯಚೂರಿನ ಶರಣಪ್ಪ ಕಾಕಾ.

ಅಷ್ಟರಲ್ಲಿ ಅಮ್ಮ ಚಹಾ ತಂದು, “ಸಕ್ಕರೆ ಕಡಿಮೆಯಾಯ್ತೇನೋ” ಎಂದಳು. ಉಡುಪಿ ಕಡೆಯ ನಮ್ಮ ಅಪ್ಪ, ಟೋಟಲಿ ಆಬ್ಸೆಂಟ್ ಮೈಂಡೆಡ್, “ಬಿಡು ಮಾರಾಯ್ತಿ, ಬಿಡು” ಎಂದುಬಿಟ್ಟರು.

‘ಬಿಡು’ ಅಷ್ಟೇ ಕಿವಿಗೆ ಬಿದ್ದು, ತಮಗೇ ಹೇಳಿದ್ದೆಂದು ಹಮಾಲರು ಕೈ ಸಡಿಲಿಸಿದರು. ಮಷೀನು ಗೇಣುದ್ದ ಜಾರಿತು.

“ಹಿಡೀರಲೇ!” ಕಾಕಾ ಕೂಗಿದರು. ಹಗ್ಗ ಬಿಗಿಯಿತು.

“ಸಾಹೇಬ್ರ, ನಾ ಇದರ ಬುಡಕ ಇರೋತನಕ ಆ ಮಾತೊಂದು ಆಡಬ್ಯಾಡ್ರಿ. ಚಾ ಸಪ್ಪಗಿದ್ರೂ ಕುಡೀತೀನಿ.”

ಎಲ್ಲರೂ ನಕ್ಕರು. ಲೇತ್ ನೆಲ ಮುಟ್ಟುವವರೆಗೆ ಅಪ್ಪ ಮಾತ್ರ ಬಾಯಿಗೆ ಕರ್ಚೀಫ್ ಒತ್ತಿಕೊಂಡೇ ನಿಂತಿದ್ದರು.

ಆಮೇಲೆ ಕಾಕಾ ನಮ್ಮ ವರ್ಕ್‌ಶಾಪಿನಲ್ಲೇ ಕೆಲಸಕ್ಕೆ ಉಳಿದರು. ವಯಸ್ಸಾಗಿ ಊರಿಗೆ ಹೊರಟ ದಿನ, ಕಲ್ಯಾಣ ಸ್ಟೇಷನ್ನಿನಲ್ಲಿ, ಕಿಟಕಿಯ ಸರಳಿನ ಮೇಲಿದ್ದ ಅವರ ಕೈಯನ್ನು ನಾನು ಹಿಡಿದೇ ಇದ್ದೆ. ಗಾಡಿ ಕದಲಿತು.

“ಈಗ ಬಿಡವ್ವಾ,” ಎಂದು ನಕ್ಕರು, “ಈಗ ನಾ ಬುಡಕ ಇಲ್ಲ.”