ಹೊಸ್ತಿಲ ಹೊರಗೆ ನಿಂತ ಗಂಡ

‘ಟಿವಿಯ ಭವಿಷ್ಯ’ ಎಂಬ ಕಾಲೇಜು ಪ್ರಾಜೆಕ್ಟಿಗೆ ಯಾವ ತಜ್ಞರನ್ನು ಸಂದರ್ಶಿಸಬೇಕೆಂದು ಪಟ್ಟಿ ಬರೆಯುತ್ತಿದ್ದೆ. ಅಡುಗೆಮನೆಯ ಟಿವಿಯಲ್ಲಿ ಧಾರಾವಾಹಿಯ ಸೊಸೆ ಎಂದಿನಂತೆ ಕತೆ ನಿಲ್ಲಿಸಿ ನಮ್ಮವ್ವನನ್ನು ಕೇಳಿದಳು: “ಬಿಟ್ಟುಹೋದ ಗಂಡ ಬಾಗಿಲಿಗೆ ಬಂದಾನ. ಏನ್ ಮಾಡ್ಲಿ, ಯವ್ವಾ?”

ಅವ್ವ ರೊಟ್ಟಿ ಬಡಿಯುತ್ತಲೇ ಅಂದಳು, “ಕುಡಿಯಾಕ ನೀರು ಕೊಡು. ಒಳಗ ಕರೀಬ್ಯಾಡ.”

ಸೊಸೆ ಹಾಗೇ ಮಾಡಿದಳು. ಹನ್ನೊಂದು ವರ್ಷದಿಂದ ಅವ್ವ ಹೇಳಿದ್ದೇ ನಾಡಿಗೆಲ್ಲ ಕಾಣುವ ಕತೆ.

ಪಟ್ಟಿಯ ಮೊದಲ ಹೆಸರು ಮೈಸೂರಿನ ಪ್ರೊಫೆಸರ್ ಮಂದಾಕಿನಿ ಅವರದು. ಫೋನ್ ಮಾಡಿದೆ.

“ಧಾರಾವಾಹಿ ನೋಡ್ತಿದೀನಿ, ತಡಿಯಮ್ಮ,” ಅಂದರು. “ನೀರು ಕೊಟ್ಟು ಹೊರಗೇ ನಿಲ್ಲಿಸು ಅಂತ ಹೇಳಿಕೊಟ್ಟವರು ಯಾರೋ, ಮೊದಲು ಅವರನ್ನ ಕೇಳು. ನಾವೆಲ್ಲ ಆಮೇಲೆ.”

ಎಲ್ಲರಿಗಿಂತ ಮೇಲೆ ಅವ್ವನ ಹೆಸರು, ‘ನೀಲಗಂಗವ್ವ’ ಎಂದು ದಪ್ಪಗೆ ಬರೆದೆ. ಯಾವಾಗ ಬಿಡುವು ಎಂದು ಅವ್ವನನ್ನು ಕೇಳಿದೆ.

“ನಾಳೆ ಹತ್ತಕ್ಕ ಬಾ,” ಅಂದಳು. “ಅಂವ ಇನ್ನೂ ಹೊಸ್ತಿಲ ಹೊರಗ ನಿಂತಾನ.”