ಹಾಸು ಮುಗಿದ ದಿನ

"ಈ ನೂಲಿನ ಹಾಸು ನೇಯ್ದು ಮುಗಿದ ದಿನವೇ ಮಗ್ಗ ಎತ್ತಿಬಿಡ್ತೀನಿ ಕಣಮ್ಮ" ಎಂದು ನೇಕಾರ ಲಕ್ಷ್ಮಣಪ್ಪ ಮೆಹ್ನಾಜಳಿಗೆ ಮಾತು ಕೊಟ್ಟಾಗ ಅವಳ ಮಗಳು ಫಿರ್ದೌಸ್ ಇನ್ನೂ ಅಂಬೆಗಾಲಿಡುತ್ತಿದ್ದಳು. ಮಕ್ಕಳು ಕಡಿಮೆ ಎಂದು ಮುಚ್ಚಿದ್ದ ಬೀದಿಯ ಶಾಲೆಯಲ್ಲಿ ಅವನ ಪವರ್‌ಲೂಮು ಆಗಲೇ ಓಡುತ್ತಿತ್ತು. ಈಗ ಫಿರ್ದೌಸ್ ಎರಡನೇ ಕ್ಲಾಸು. ಹೈವೇ ದಾಟಿ, ಆಚೆ ಊರಿನ ಶಾಲೆಗೆ ಹೋಗುತ್ತಾಳೆ.

ಶುಕ್ರವಾರ ಬೆಳಿಗ್ಗೆ ಮಗ್ಗದ ಸದ್ದು ಇದ್ದಕ್ಕಿದ್ದಂತೆ ನಿಂತಿತು.

ಮೆಹ್ನಾಜ್ ಒಲೆ ಆರಿಸಿದಳೋ ಇಲ್ಲವೋ, ಓಡಿದಳು. ಮಧ್ಯಾಹ್ನ ಶಿಕ್ಷಣಾಧಿಕಾರಿ ಬರುವವರಿದ್ದರು. ಮಕ್ಕಳಿದ್ದು, ಕೊಠಡಿ ಖಾಲಿಯಿದ್ದರೆ ಶಾಲೆ ತೆರೆಸುತ್ತೇನೆ ಎಂದಿದ್ದರು. ಮಕ್ಕಳನ್ನು ಅವಳು ಹೊಂದಿಸಿದ್ದಳು. ಗಾರ್ಮೆಂಟ್ಸ್ ಮುಗಿಸಿ ಬಂದು, ಸಂಜೆ ಸಂಜೆ ಮನೆಮನೆಯ ಬಾಗಿಲು ತಟ್ಟಿ, ಬೈಸಿಕೊಂಡು, ಒಪ್ಪಿಸಿದ್ದಳು. ಉಳಿದಿದ್ದು ಕೊಠಡಿ ಒಂದೇ.

ಒಳಗೆ ಲಕ್ಷ್ಮಣಪ್ಪನ ಹೆಂಡತಿ ಅಕ್ಕಯ್ಯಮ್ಮ ಮಗ್ಗದ ಹಿಂದೆ ಕೂತಿದ್ದಳು. ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ನೂಲಿನ ತುದಿಗಳಿಗೆ ಹೊಸ ಕೆಂಪು ಎಳೆಗಳನ್ನು ಹೊಸೆಯುತ್ತಿದ್ದಳು.

"ಮುಗೀತೇನಮ್ಮ ಹಾಸು?"

"ಎಲ್ಲಿ ಮುಗೀತದೆ? ಹೊಸಾದು ಸೇರಿಸ್ತಾ ಇದೀನಿ. ಸಂಜೆಗೆ ಮತ್ತೆ ಓಡ್ತದೆ."

"ಹಳೇದು ಮುಗಿಯೋಕ್ ಮುಂಚೇನೇ?"

ಅಕ್ಕಯ್ಯಮ್ಮ ನಕ್ಕಳು. "ಅದನ್ನ ಪೂರ್ತಿ ಮುಗಿಸಿಬಿಟ್ರೆ ಇದನ್ನ ಯಾವುದಕ್ಕೆ ಕಟ್ಲಿ, ನಿನ್ನ ಜಡೆಗಾ? ಮಗ್ಗನ ಬರಿದು ಮಾಡಬಾರ್ದು ತಾಯಿ. ನಮ್ಮತ್ತೆ ಮೊದಲು ಕಲಿಸಿದ್ದೇ ಅದು. ಈ ಮಗ್ಗಕ್ಕೆ ಬಂದ ಹಾಸೆಲ್ಲ ಒಂದರ ಬಾಲ ಒಂದು ಹಿಡ್ಕಂಡೇ ಬಂದಿರೋದು."

ಮೆಹ್ನಾಜ್ ತಿರುಗಿ ನೋಡಿದಳು. ಲಕ್ಷ್ಮಣಪ್ಪ ಲಾಳಿ ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸಿದ.

"ಇಷ್ಟು ವರ್ಷ ನನ್ನ ಬಕ್ರಾ ಮಾಡಿದ್ರಲ್ಲ ಲಕ್ಷ್ಮಣಪ್ಪನೋರೆ! ಉಗಾದಿಗೂ ಕೇಳ್ದೆ, ರಂಜಾನಿಗೂ ಕೇಳ್ದೆ. ಇನ್ನೇನು ಸ್ವಲ್ಪ ಐತೆ ಅಂದ್ರಿ. ಮುಗಿಯೋದೇ ಇಲ್ಲ ಅಂತ ನಿಮಗೆ ಗೊತ್ತಿತ್ತು."

"ಇನ್ನೆಲ್ಲಿ ಹಾಕ್ಲಮ್ಮ ಮಗ್ಗನ, ನನ್ನ ತಲೆ ಮೇಲಾ? ಮನೇಲಿ ಕಾಲು ಚಾಚೋಕೂ ಜಾಗ ಇಲ್ಲ."

"ಏನು ಮಾತು ಕೊಟ್ಟಿದ್ರಿ ಇವಳಿಗೆ?" ಅಕ್ಕಯ್ಯಮ್ಮನ ಬೆರಳು ನಿಂತಿತು.

ಅವನು ಮತ್ತೆ ಲಾಳಿಯ ಕಡೆ ಬಗ್ಗಿದ. ಮೆಹ್ನಾಜಳೇ ಹೇಳಿದಳು. "ಹಾಸು ಮುಗಿದ್ರೆ ಸ್ಕೂಲು ಬಿಟ್ಕೊಡ್ತೀನಿ ಅಂತ. ನನ್ನ ಮಗಳೊಬ್ಬಳಿಗೇ ಅಲ್ಲಮ್ಮ, ನಿಮ್ಮ ಮೊಮ್ಮಗಳು ಅಕ್ಷತನೂ ಅವಳ ಕೈ ಹಿಡ್ಕೊಂಡೇ ಹೈವೇ ದಾಟೋದು. ಮೊನ್ನೆ ಲಾರಿ ಮೈಮೇಲೇ ಬಂದ್ಬಿಡ್ತು. ಕಾಲಲ್ಲಿದ್ದ ಚಪ್ಪಲಿ ರೋಡಲ್ಲೇ ಬಿಟ್ಟು ಓಡಿದ್ವು ಎರಡೂ."

"ಚಪ್ಪಲಿ ಕಳ್ಕಂಡೆ ಅಂದ್ಳು," ಎಂದಳು ಅಕ್ಕಯ್ಯಮ್ಮ. "ಬೆನ್ನಿಗೆ ಎರಡು ಹಾಕ್ದೆ ನಾನು."

ಅವಳು ಬೂದಿಯ ಕೈಯನ್ನು ಸೆರಗಿಗೆ ಒರೆಸಿ, ಪಕ್ಕದಲ್ಲಿದ್ದ ಕತ್ತರಿ ತೆಗೆದುಕೊಂಡಳು.

"ಲೇ, ಲೇ! ಏನ್ ಮಾಡ್ತೀಯಾ!" ಲಕ್ಷ್ಮಣಪ್ಪ ಲಾಳಿ ಬಿಟ್ಟು ಬರುವಷ್ಟರಲ್ಲಿ ಹಳೆಯ ಎಳೆಗಳು ತುಂಡಾಗಿ ಜೋತುಬಿದ್ದಿದ್ದವು.

"ತಗಳಿ. ಮುಗೀತು ನಿಮ್ಮ ಹಾಸು."

ಮಧ್ಯಾಹ್ನ ಬಂದ ಅಧಿಕಾರಿ ಜೀಪಿನಿಂದ ಪೂರ್ತಿ ಇಳಿಯಲೂ ಇಲ್ಲ. ಕಿಟಕಿಯಲ್ಲಿ ಕಾಣುತ್ತಿದ್ದ ಬರಿ ಮಗ್ಗದ ಕಡೆ ಕೈ ತೋರಿಸಿ, "ಮೊದಲು ಇದನ್ನ ಎತ್ತಿಸಿ. ಸೋಮವಾರ ಬಂದೇ ಬರ್ತೀನಿ. ನನ್ನ ಮಾತು ಅಂದ್ರೆ ಮಾತು" ಎಂದು ಹೊರಟರು.

ಭಾನುವಾರ ಬೀದಿಯವರು ಸೇರಿ ಮಗ್ಗ ಬಿಚ್ಚಿದರು. ಲಕ್ಷ್ಮಣಪ್ಪ ಒಂದೊಂದು ಬೋಲ್ಟನ್ನೂ ತಾನೇ ಸಡಿಲಿಸಿ, ಬಟ್ಟೆಯಲ್ಲಿ ಕಟ್ಟಿಟ್ಟುಕೊಂಡ. ಮಗ್ಗ ಅವನ ಮನೆ ಮುಂದೆ ಟಾರ್ಪಾಲಿನ ಅಡಿ ಕೂತಿತು.

ಸೋಮವಾರ ಅಕ್ಕಯ್ಯಮ್ಮ ಕೊಠಡಿ ಗುಡಿಸಿ ಚಾಪೆ ಹಾಸಿದಳು. ಫಿರ್ದೌಸ್, ಅಕ್ಷತ, ಬೀದಿಯ ಮಕ್ಕಳೆಲ್ಲ ತಲೆ ಬಾಚಿಕೊಂಡು ಬಂದು ಕೂತರು. ಮೆಹ್ನಾಜ್ ಗೇಟಿಗೂ ಬಾಗಿಲಿಗೂ ಓಡಾಡಿದಳು. ಮಕ್ಕಳ ನೆರಳು ಗೋಡೆ ಹತ್ತಿ ಇಳಿದು, ಮತ್ತೆ ಉದ್ದವಾಯಿತು.

ಲಕ್ಷ್ಮಣಪ್ಪ ಕೊಟ್ಟ ಮಾತು ನಡೆದಿತ್ತು. ಸಾಹೇಬರು ಬರಲಿಲ್ಲ.